ಒಂದು ಕಿಲೋ ಬೋಲ್ಟಿಗೆ ಎಷ್ಟು ಹೊಗೆ?

ಭೋಸರಿ ಎಂಐಡಿಸಿಯಲ್ಲಿ ನನ್ನ ಗೆಳೆಯನೊಬ್ಬನ ಬೋಲ್ಟಿನ ಕಾರ್ಖಾನೆ ಇದೆ. ಕಾರ್ಖಾನೆ ಅಂದರೆ ದೊಡ್ಡದೇನೂ ಅಲ್ಲ. ತಗಡಿನ ಶೆಡ್ಡು, ಆರು ಮಶೀನು, ಹದಿನೆಂಟು ಜನ ಕೆಲಸಗಾರರು, ಮೂಲೆಯಲ್ಲೊಂದು ಗಾಜಿನ ಕೋಣೆ. ಆ ಕೋಣೆಯಲ್ಲಿ ಗದಗಿನ ವೀರನಾರಾಯಣನ ಫೋಟೋ, ಅದರ ಕೆಳಗೆ ಇವನು. ಮೂವತ್ತೈದು ವರ್ಷದ ಹಿಂದೆ ಡಿಪ್ಲೊಮಾ ಮುಗಿಸಿ ಪುಣೆಗೆ ಬಂದವನು, ಬೇರೆಯವರ ಲೇತ್ ಮುಂದೆ ಹತ್ತು ವರ್ಷ ನಿಂತು, ಆಮೇಲೆ ಸ್ವಂತದ್ದು ಹಾಕಿಕೊಂಡವನು. ಕಳೆದ ಎಂಟೊಂಬತ್ತು ವರ್ಷಗಳಿಂದ ಅವನ ಬೋಲ್ಟುಗಳು ಜರ್ಮನಿಗೂ ಹೋಗುತ್ತಿವೆ. ಕನ್ನಡ ಸಂಘದ ದೀಪಾವಳಿ ಕಾರ್ಯಕ್ರಮದಲ್ಲಿ ಇದನ್ನು ಅವನು ಹೇಳಿಕೊಳ್ಳುವುದಿಲ್ಲ, ನಾವೇ ಹೇಳುತ್ತೇವೆ.

ಕಳೆದ ತಿಂಗಳು ಅವನ ಫೋನು ಬಂತು. "ನೀ ಪೇಪರ್‌ನ್ಯಾಗ ಬರೆಯಾಂವ, ಇದೊಂದು ಸ್ವಲ್ಪ ಓದಿ ಹೇಳು" ಅಂದ. ಜರ್ಮನಿಯ ಗಿರಾಕಿ ಕಳಿಸಿದ ಎಕ್ಸೆಲ್ ಫೈಲು. ಹಲವು ಹಾಳೆಗಳು. ಬಳಸಿದ ವಿದ್ಯುತ್ತು ಎಷ್ಟು ಯೂನಿಟ್, ಕುಲುಮೆಗೆ ಸುಟ್ಟ ಗ್ಯಾಸ್ ಎಷ್ಟು, ಕಚ್ಚಾ ಸರಳು ಯಾವ ಉಕ್ಕಿನ ಕಾರ್ಖಾನೆಯದು, ಅಲ್ಲಿ ಉಕ್ಕು ಮಾಡಿದ್ದು ಯಾವ ವಿಧಾನದಲ್ಲಿ. ಇದೆಲ್ಲ ತುಂಬಿದ ಮೇಲೆ ಕಡೆಯಲ್ಲಿ ಒಂದೇ ಒಂದು ಅಂಕಿ ಬರಬೇಕು: ಒಂದು ಟನ್ ಬೋಲ್ಟಿನ ಹಿಂದೆ ಎಷ್ಟು ಟನ್ ಇಂಗಾಲದ ಡೈಆಕ್ಸೈಡ್ ಇದೆ?

"ನಾ ಬೋಲ್ಟ್ ತೂಗಾಂವಪಾ. ಹೊಗಿ ತೂಗೋ ತಕ್ಕಡಿ ಎಲ್ಲಿಂದ ತರ್ಲಿ?" ಅಂದ.

ನಾನು ನಕ್ಕೆ. ಅವನು ನಗಲಿಲ್ಲ.

ಆ ಫೈಲಿನ ಹಿಂದಿರುವ ಕಾನೂನಿನ ಹೆಸರು ಉದ್ದವಿದೆ. ಎಲ್ಲರೂ ಸಿಬ್ಯಾಮ್ ಅನ್ನುತ್ತಾರೆ. ಐರೋಪ್ಯ ಒಕ್ಕೂಟ ಗಡಿಯಲ್ಲಿ ಹಾಕುವ ಇಂಗಾಲದ ಸುಂಕ ಅಂದುಕೊಂಡರೆ ಸಾಕು. ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ರಸಗೊಬ್ಬರ, ಹೈಡ್ರೋಜನ್, ವಿದ್ಯುತ್ತು ಇವುಗಳಿಗೆ ಅನ್ವಯ. ಬೋಲ್ಟು, ಸ್ಕ್ರೂ, ನಟ್ಟು ಉಕ್ಕಿನ ಪಟ್ಟಿಯಲ್ಲಿ ಬರುತ್ತವೆ. 2023ರ ಅಕ್ಟೋಬರಿನಿಂದ ಬರೀ ಲೆಕ್ಕ ಕೊಡುವ ಕಾಲ. 2026ರ ಜನವರಿ 1ರಿಂದ ರೊಕ್ಕದ ಕಾಲ. ಯುರೋಪಿನ ವಾದ ಸರಳವಾಗಿದೆ: 2005ರಿಂದ ನಮ್ಮ ಕಾರ್ಖಾನೆಗಳು ಹೊಗೆಗೆ ಬೆಲೆ ಕೊಡುವ ವ್ಯವಸ್ಥೆಯಲ್ಲಿವೆ, ಹೊರಗಿನವನು ಕೊಡದೆ ಅಗ್ಗಕ್ಕೆ ತಂದು ಸುರಿದರೆ ನಮ್ಮವನು ಬಾಗಿಲು ಹಾಕುತ್ತಾನೆ, ಹೊಗೆ ಮಾತ್ರ ಬೇರೆ ದೇಶದಲ್ಲಿ ಹಾಗೇ ಏಳುತ್ತದೆ.

ಸಣ್ಣವರಿಗೆ ವಿನಾಯಿತಿ ಇದೆ. ವರ್ಷಕ್ಕೆ 50 ಟನ್ನಿನ ಒಳಗೆ ಆಮದು ಮಾಡುವವನಿಗೆ ಈ ತಾಪತ್ರಯವಿಲ್ಲ. ಕೇಳಿದ ಕೂಡಲೆ ಗೆಳೆಯನ ದನಿಯಲ್ಲಿ ಜೀವ ಬಂತು. ಆದರೆ ಆ 50 ಟನ್ನಿನ ಲೆಕ್ಕ ಆಮದು ಮಾಡುವವನದು, ಕಳಿಸುವವನದಲ್ಲ. ಜರ್ಮನಿಯ ಆಸಾಮಿ ಇವನಿಂದಲೂ ತರಿಸುತ್ತಾನೆ, ಇನ್ನೂ ಇಪ್ಪತ್ತು ಕಡೆಯಿಂದಲೂ ತರಿಸುತ್ತಾನೆ. ಸಣ್ಣವನಾಗಿರುವುದರ ಲಾಭ ಇವನಿಗೆ ಸಿಗಲಿಲ್ಲ.

ಆಮೇಲೆ ಅವನು ಕೇಳಿದ ಪ್ರಶ್ನೆ ನನ್ನನ್ನು ಈ ಅಂಕಣದವರೆಗೆ ಎಳೆದು ತಂದಿದೆ. "ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟಾಂವ ಅಂವ. ಲೆಕ್ಕ ಕೇಳೋದು ನನ್ನ ಕಡೆ ಯಾಕ?"

ಭೋಸರಿಯ ಶೆಡ್ಡಿನಲ್ಲಿ ಎದ್ದ ಈ ಪ್ರಶ್ನೆಯನ್ನೇ ಹಿಡಿದುಕೊಂಡು ಜಗತ್ತಿನ ಸುಮಾರು ಇನ್ನೂರು ದೇಶಗಳು ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಜಗಳವಾಡುತ್ತಿವೆ. ವರ್ಷಕ್ಕೊಂದು ಊರು, ಎರಡು ವಾರ ಜಾತ್ರೆ, ಕಡೆಯ ರಾತ್ರಿ ನಿದ್ದೆಗೇಡು, ಬೆಳಗಿನ ಜಾವ ಒಂದು ಕಾಗದ. ಆ ಕಾಗದದಲ್ಲಿ ಒಂದು ಪದ ಆಚೀಚೆಯಾದರೆ ಸಾವಿರಾರು ಕೋಟಿ ಆಚೀಚೆಯಾಗುತ್ತದೆ. ಭಾಷೆಯ ಮೇಲೆ ಪ್ರೀತಿಯಿರುವ ನಮ್ಮಂಥವರು ಓದಲೇಬೇಕಾದ ಕಾಗದಗಳು ಅವು.

ನಮ್ಮ ದೇಶದ ವಾದ ಹುಟ್ಟಿದ್ದು 1972ರ ಸ್ಟಾಕ್‌ಹೋಮಿನಲ್ಲಿ. ಪರಿಸರದ ಬಗ್ಗೆ ವಿಶ್ವಸಂಸ್ಥೆ ನಡೆಸಿದ ಆ ಮೊದಲ ದೊಡ್ಡ ಸಭೆಗೆ ಹೊರದೇಶದಿಂದ ಬಂದ ಒಬ್ಬರೇ ಪ್ರಧಾನಿ ಇಂದಿರಾ ಗಾಂಧಿ. ಬಡತನವನ್ನು ಬಿಟ್ಟು ಪರಿಸರದ ಮಾತಾಡಬೇಡಿ ಎಂಬುದು ಅವರ ಮಾತಿನ ತಿರುಳು. ಆದರೆ ಅದಕ್ಕೆ ಲೆಕ್ಕದ ಬಲ ಬಂದದ್ದು 1991ರಲ್ಲಿ, ದೆಹಲಿಯ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಬರೆದ ತೆಳ್ಳನೆಯ ಪುಸ್ತಿಕೆಯಿಂದ. ಅಮೆರಿಕದ ಒಂದು ಸಂಸ್ಥೆ ಭಾರತ, ಚೀನಾಗಳನ್ನೂ ದೊಡ್ಡ ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿತ್ತು. ಭತ್ತದ ಗದ್ದೆಯಿಂದ ಏಳುವ ಮೀಥೇನ್, ದನಗಳ ಮೀಥೇನ್ ಎಲ್ಲ ಸೇರಿಸಿ ಲೆಕ್ಕ ಹಾಕಿತ್ತು. ಇವರಿಬ್ಬರೂ ತಿರುಗಿ ಕೇಳಿದರು: ಹೊಟ್ಟೆಗೆ ಭತ್ತ ಬೆಳೆಯುವ ರೈತನ ಗದ್ದೆಯ ಅನಿಲವೂ, ಶೋಕಿಗೆ ಕಾರು ಓಡಿಸುವವನ ಹೊಗೆಯೂ ಒಂದೇ ತಕ್ಕಡಿಯಲ್ಲೇ? ಬದುಕಿನ ಹೊಗೆ ಬೇರೆ, ವಿಲಾಸದ ಹೊಗೆ ಬೇರೆ. ಮರುವರ್ಷ ರಿಯೋದಲ್ಲಿ ಆದ ಒಪ್ಪಂದದಲ್ಲಿ ಹೊಣೆ ಎಲ್ಲರದೂ ಹೌದು, ಆದರೆ ಎಲ್ಲರದೂ ಒಂದೇ ಸಮ ಅಲ್ಲ ಎಂಬ ಸೂತ್ರ ಸೇರಿತು.

ಲೆಕ್ಕ ನೋಡಿದರೆ ಈ ಸೂತ್ರ ಅನ್ಯಾಯದ್ದಲ್ಲ. ಕೈಗಾರಿಕಾ ಯುಗ ಶುರುವಾದಾಗಿನಿಂದ ಗಾಳಿಗೆ ಸೇರಿದ ಇಂಧನದ ಹೊಗೆಯಲ್ಲಿ ಹತ್ತಿರ ಹತ್ತಿರ ಕಾಲು ಪಾಲು ಅಮೆರಿಕ ಒಂದರದ್ದೇ. ಭಾರತದ್ದು ಶೇಕಡಾ 3ರ ಆಸುಪಾಸು. ಈಗಲೂ ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದವನ ಪಾಲಿಗೆ 14 ಟನ್. ಇಂಗಾಲದ ಡೈಆಕ್ಸೈಡ್ ನೂರಾರು ವರ್ಷ ಗಾಳಿಯಲ್ಲಿ ಉಳಿಯುವ ವಸ್ತುವಾದ್ದರಿಂದ ಮುತ್ತಜ್ಜ ಸುಟ್ಟ ಕಲ್ಲಿದ್ದಲು ಇವತ್ತಿಗೂ ಲೆಕ್ಕದಲ್ಲಿದೆ. ಅಜ್ಜ ಮಾಡಿದ ಸಾಲ ಮೊಮ್ಮಗನ ಕೊರಳಿಗೆ ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಸಾಲ ಮಾಡಿದ ಅಜ್ಜ ಒಬ್ಬ, ಬಡ್ಡಿ ಕಟ್ಟುವ ಮೊಮ್ಮಗ ಇನ್ನೊಬ್ಬರ ಮನೆಯವನು.

ಅಮೆರಿಕದ ಸಂಸತ್ತು ಈ ಸೂತ್ರವನ್ನು ಎಂದೂ ಜೀರ್ಣಿಸಿಕೊಳ್ಳಲಿಲ್ಲ. 1997ರ ಡಿಸೆಂಬರಿನಲ್ಲಿ ಶ್ರೀಮಂತ ದೇಶಗಳಿಗೆ ಮಾತ್ರ ಮಿತಿ ಹಾಕಿದ ಕ್ಯೋಟೋ ಒಪ್ಪಂದ ಬಂತು. ಅದಕ್ಕೆ ಐದು ತಿಂಗಳು ಮೊದಲೇ ಅಮೆರಿಕದ ಸೆನೆಟ್ ಒಂದು ಠರಾವು ಮಾಡಿತ್ತು: ಭಾರತ, ಚೀನಾಗಳಂಥ ದೇಶಗಳನ್ನೂ ಕಟ್ಟಿಹಾಕದ ಯಾವ ಒಪ್ಪಂದಕ್ಕೂ ಸಹಿ ಹಾಕಕೂಡದು. ಪರವಾಗಿ 95 ಮತ, ವಿರುದ್ಧ ಸೊನ್ನೆ. ರಿಪಬ್ಲಿಕನ್, ಡೆಮಾಕ್ರಾಟ್ ಎಂಬ ಭೇದವೇ ಇಲ್ಲ. ಟ್ರಂಪ್ ಬಂದ ಮೇಲೆ ಅಮೆರಿಕ ಕೆಟ್ಟಿತು ಎನ್ನುವವರಿಗೆ ನಾನು ಈ 95-0 ಅನ್ನು ನೆನಪಿಸುತ್ತಿರುತ್ತೇನೆ. ಕ್ಲಿಂಟನ್ ಆಡಳಿತ ಸಹಿ ಹಾಕಿತು, ಸೆನೆಟ್ಟಿಗೆ ಕಳಿಸಲೇ ಇಲ್ಲ. 2001ರಲ್ಲಿ ಬುಷ್ ಕೈತೊಳೆದುಕೊಂಡರು.

2009ರ ಕೋಪನ್‌ಹೇಗನ್ ಕತೆ ಹೇಳುವಾಗ ನಮ್ಮವರೊಬ್ಬರನ್ನು ನೆನೆಯಬೇಕು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ, ಓದಿದ್ದು ಮುಂಬಯಿಯ ಐಐಟಿಯಲ್ಲಿ. ಅವರ ತಂದೆ ಅಲ್ಲೇ ಸಿವಿಲ್ ಎಂಜಿನಿಯರಿಂಗ್ ಪ್ರೊಫೆಸರು. ಹೊರನಾಡ ಕನ್ನಡಿಗರ ಸಾಲಿಗೆ ಧಾರಾಳವಾಗಿ ಸೇರಿಸಬಹುದಾದ ಮನುಷ್ಯ. ಸಭೆಗೆ ಹೊರಡುವ ಮೊದಲು ಅವರು ಲೋಕಸಭೆಯಲ್ಲಿ ಎದ್ದು, 2020ರ ಹೊತ್ತಿಗೆ ದೇಶದ ಉತ್ಪನ್ನದ ಪ್ರತಿ ರೂಪಾಯಿಗೆ ಏಳುವ ಹೊಗೆಯನ್ನು 2005ಕ್ಕಿಂತ ಶೇಕಡಾ 20ರಿಂದ 25ರಷ್ಟು ಇಳಿಸುತ್ತೇವೆ ಎಂದು ತಾವಾಗಿಯೇ ಘೋಷಿಸಿದರು. ಹಳೆಯ ಸಂಧಾನಕಾರರಿಗೆ ಸಿಟ್ಟು ಬಂತು. ಯಾರೂ ಕೇಳದೆ ನಾವಾಗಿ ಯಾಕೆ ಕೊಡಬೇಕು? ಮುಂದಿನ ವರ್ಷ ಕ್ಯಾನ್‌ಕೂನಿನಲ್ಲಿ, ಎಲ್ಲ ದೇಶಗಳೂ ಸೂಕ್ತವಾದ ಕಾನೂನಿನ ರೂಪದಲ್ಲಿ ಹೊಣೆ ಹೊರಬೇಕು ಎಂದಾಗ ದೇಶದೊಳಗೆ ದೊಡ್ಡ ಗದ್ದಲವೇ ಆಯಿತು. ದೇಶದ ನಿಲುವನ್ನು ಮಾರಿಬಿಟ್ಟರು ಎಂದವರೂ ಇದ್ದರು. ನನಗೆ ಅನಿಸುವುದು, ಅವರು ಮಾರಲಿಲ್ಲ; ನಾಳೆ ಹೇಗೂ ಕೊಡಬೇಕಾದ್ದನ್ನು ಇವತ್ತೇ ಒಳ್ಳೆಯ ರೇಟಿಗೆ ಕೊಡಲು ನೋಡಿದರು. ರೇಟು ಸಿಗಲಿಲ್ಲ, ಅದು ಬೇರೆ ಮಾತು.

ಕೋಪನ್‌ಹೇಗನ್ನಿನ ಕಡೆಯ ಸಂಜೆಯ ದೃಶ್ಯವನ್ನು ಸಿನಿಮಾ ಮಾಡಬಹುದು. ಒಬಾಮಾ ಚೀನಾದ ಪ್ರಧಾನಿ ವೆನ್ ಜಿಯಾಬಾವೊರನ್ನು ಹುಡುಕಿಕೊಂಡು ಹೊರಟರು. ಕೋಣೆಯ ಬಾಗಿಲು ತೆರೆದರೆ ಒಳಗೆ ಮನಮೋಹನ್ ಸಿಂಗ್, ಬ್ರೆಜಿಲ್ಲಿನ ಲೂಲಾ, ದಕ್ಷಿಣ ಆಫ್ರಿಕಾದ ಜೂಮಾ, ವೆನ್ ನಾಲ್ವರೂ ಸಭೆ ಕೂತಿದ್ದಾರೆ. ಕರೆಯದೆ ಬಂದ ಅತಿಥಿಯಂತೆ ಒಬಾಮಾ ಒಳಗೆ ಹೋಗಿ ಕುಳಿತರು. ಐವರು ಸೇರಿ ಒಂದು ಕಾಗದ ಮಾಡಿಕೊಂಡರು. ಯುರೋಪಿನವರು ಆ ಕೋಣೆಯಲ್ಲಿರಲಿಲ್ಲ. ಆ ಅವಮಾನವನ್ನು ಅವರು ಮರೆತಿಲ್ಲ ಎಂದು ನನ್ನ ಗುಮಾನಿ. ತುವಾಲು, ಬೊಲಿವಿಯಾದಂಥ ದೇಶಗಳು ಒಪ್ಪದೆ ಹೋದದ್ದರಿಂದ ಮಹಾಸಭೆ ಆ ಕಾಗದವನ್ನು ಅಂಗೀಕರಿಸಲಿಲ್ಲ, "ಗಮನಿಸಿತು" ಅಷ್ಟೇ. ಸೊಸೈಟಿಯ ಮೀಟಿಂಗಿನಲ್ಲಿ ನಿಮ್ಮ ದೂರನ್ನು ಸೆಕ್ರೆಟರಿ "ನೋಟ್" ಮಾಡಿಕೊಂಡಾಗ ಏನಾಗುತ್ತದೋ ಅದೇ ಇಲ್ಲೂ ಆಯಿತು.

ಅದೇ ಸಭೆಯಲ್ಲಿ ಇನ್ನೊಂದು ಮಾತು ಹುಟ್ಟಿತು: 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಒದಗಿಸಿಕೊಡುತ್ತೇವೆ ಎಂಬ ವಾಗ್ದಾನ. ಶ್ರೀಮಂತ ದೇಶಗಳ ಸ್ವಂತ ಲೆಕ್ಕದ ಪ್ರಕಾರವೇ ಅದು ತಲುಪಿದ್ದು 2022ರಲ್ಲಿ, ಎರಡು ವರ್ಷ ತಡವಾಗಿ. ಅದರಲ್ಲೂ ಸರ್ಕಾರಿ ಹಣದ ದೊಡ್ಡ ಪಾಲು ಸಾಲ. ಮನೆಗೆ ಬೆಂಕಿ ಹಚ್ಚಿದವನು ಬಂದು ಮಾಡು ಹೊದಿಸಲು ಬಡ್ಡಿಗೆ ದುಡ್ಡು ಕೊಡುತ್ತೇನೆ ಅಂದ ಹಾಗೆ.

ಪ್ಯಾರಿಸ್ಸಿನ ಒಂದು ಪದದ ಕತೆ ನನಗೆ ಬಹಳ ಇಷ್ಟ. 2015ರ ಡಿಸೆಂಬರ್ 12, ಒಪ್ಪಂದದ ಅಂತಿಮ ಪ್ರತಿ ಹಂಚಿಯಾಗಿದೆ. ನಾಲ್ಕನೇ ವಿಧಿಯ ಒಂದು ಸಾಲಿನಲ್ಲಿ ಶ್ರೀಮಂತ ದೇಶಗಳು ಹೊಗೆ ಇಳಿಸುವ ಬಗ್ಗೆ "ಶಲ್" ಎಂದಿತ್ತು. ಅಮೆರಿಕದ ವಕೀಲರು ಬೆಚ್ಚಿದರು. ಅವರಿಗೆ ಬೇಕಾದ್ದು "ಶುಡ್". ನಮ್ಮ ವಿಧಾನಸೌಧದ ಕನ್ನಡದಲ್ಲಿ ಹೇಳುವುದಾದರೆ ಮೊದಲನೆಯದು "ಇಳಿಸತಕ್ಕದ್ದು", ಎರಡನೆಯದು "ಇಳಿಸುವುದು ಸೂಕ್ತ". ತಕ್ಕದ್ದು ಬಂದರೆ ಅದು ಕಾನೂನಿನ ಕಟ್ಟು, ಸೆನೆಟ್ಟಿನ ಮುಂದೆ ಹೋಗಬೇಕು, ಅಲ್ಲಿ ಸತ್ತಂತೆಯೇ. ಸೂಕ್ತ ಅಂದರೆ ಅಧ್ಯಕ್ಷರ ಸಹಿಯೇ ಸಾಕು. ಸಭೆ ತಡವಾಯಿತು, ಮೂಲೆಮೂಲೆಯಲ್ಲಿ ಪಿಸುಮಾತು. ಕಡೆಗೆ ಕಾರ್ಯದರ್ಶಿ ಕಚೇರಿಯವರು ಅಲ್ಪವಿರಾಮ, ಕಾಗುಣಿತದ ತಿದ್ದುಪಡಿಗಳ ಜೊತೆಗೆ ಇದನ್ನೂ ಸರಸರ ಓದಿದರು. ಅಧ್ಯಕ್ಷತೆ ವಹಿಸಿದ್ದ ಫ್ರಾನ್ಸಿನ ಫೇಬಿಯಸ್ ಸುತ್ತಿಗೆ ಕುಟ್ಟಿದರು. ಜಗತ್ತು ಚಪ್ಪಾಳೆ ಹೊಡೆಯಿತು. ಕಾನೂನಾಗದೆ ಹೋದದ್ದರಿಂದಲೇ ಒಪ್ಪಂದ ಹುಟ್ಟಿತು, ಆದ್ದರಿಂದಲೇ ಅದನ್ನು ಬಿಟ್ಟು ಹೋಗುವುದೂ ಸುಲಭವಾಯಿತು. ಟ್ರಂಪ್ ಮೊದಲ ಸಲ 2020ರ ನವೆಂಬರಿನಲ್ಲಿ ಹೊರನಡೆದರು, ಬೈಡನ್ 2021ರ ಫೆಬ್ರವರಿಯಲ್ಲಿ ಒಳಬಂದರು, ಟ್ರಂಪ್ 2025ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ದಿನವೇ ಮತ್ತೆ ಹೊರಹೋಗುವ ಆದೇಶಕ್ಕೆ ಸಹಿ ಹಾಕಿದರು. ನಮ್ಮ ಪಿಎಂಪಿಎಂಎಲ್ ಬಸ್ಸಿನ ಬಾಗಿಲಲ್ಲಿ ಹುಡುಗರು ಇಳಿದು ಹತ್ತುವ ಹಾಗೆ.

ಇಷ್ಟು ಹೊತ್ತು ಶ್ರೀಮಂತರನ್ನು ಬೈದದ್ದಾಯಿತು. ಗ್ಲಾಸ್ಗೋದಲ್ಲಿ ಪದ ಬದಲಿಸಿದವರು ನಾವು. 2021ರ ನವೆಂಬರ್ 13ರಂದು ಕಲ್ಲಿದ್ದಲನ್ನು "ಕೈಬಿಡುವ" ಮಾತಿದ್ದ ಕಡೆ "ಕಡಿಮೆ ಮಾಡುತ್ತಾ ಹೋಗುವ" ಎಂದು ತಿದ್ದಿಸಿ ಓದಿದವರು ನಮ್ಮ ಪರಿಸರ ಸಚಿವ ಭೂಪೇಂದ್ರ ಯಾದವ್. ಚೀನಾಕ್ಕೂ ಅದೇ ಬೇಕಿತ್ತು. ಬೈಗುಳ ಮಾತ್ರ ನಮ್ಮ ಪಾಲಿಗೆ ಬಂತು. ಸಭೆಯ ಅಧ್ಯಕ್ಷ ಅಲೋಕ್ ಶರ್ಮಾ, ಆಗ್ರಾದಲ್ಲಿ ಹುಟ್ಟಿದ ಬ್ರಿಟಿಷ್ ಮಂತ್ರಿ, ಕ್ಷಮೆ ಕೇಳುತ್ತಾ ಕಣ್ಣೀರು ತುಂಬಿಕೊಂಡರು. ನಮ್ಮ ವಾದದಲ್ಲಿ ಹುರುಳಿತ್ತು: ಕಲ್ಲಿದ್ದಲೊಂದೇ ಯಾಕೆ, ನಿಮ್ಮ ಎಣ್ಣೆ, ನಿಮ್ಮ ಗ್ಯಾಸ್ ಹೆಸರೇ ಇಲ್ಲವಲ್ಲ? ನೆಲದಲ್ಲಿ ಕಲ್ಲಿದ್ದಲು ಇದ್ದವನಿಗೆ ಒಂದು ನ್ಯಾಯ, ಎಣ್ಣೆ ಇದ್ದವನಿಗೆ ಇನ್ನೊಂದು ನ್ಯಾಯವೇ? ಆದರೆ ಆ ತಿದ್ದುಪಡಿ ಓದುವಾಗ ಎದುರಿಗೆ ಕೂತಿದ್ದವರು ಅಮೆರಿಕದವರು ಮಾತ್ರ ಅಲ್ಲ. ಮಾರ್ಷಲ್ ದ್ವೀಪದವರೂ ಕೂತಿದ್ದರು. ಸಮುದ್ರ ಏರಿದರೆ ಹತ್ತಿ ನಿಲ್ಲಲು ಗುಡ್ಡವೇ ಇಲ್ಲದ ನಾಡು ಅದು. ನಿಮ್ಮಿಂದ ನಿರಾಶೆಯಾಯಿತು ಎಂದು ಅವರು ಎದ್ದು ಹೇಳಿದರು. ಬಡವರ ಪರವಾಗಿ ಮಾತಾಡುತ್ತೇನೆ ಎನ್ನುವವನಿಗೆ ಅವನಿಗಿಂತ ಸಣ್ಣವ ಎದ್ದು ನಿಂತು ಹೀಗೆ ಹೇಳಿದರೆ ಏನು ಉತ್ತರ?

ದ್ವೀಪಗಳ ತಾಳ್ಮೆ ದೊಡ್ಡದು. ಸಮುದ್ರ ಏರಿ ಆಗುವ ನಷ್ಟಕ್ಕೆ ಶ್ರೀಮಂತರು ದುಡ್ಡು ಹಾಕುವ ವಿಮೆಯಂಥ ನಿಧಿ ಬೇಕೆಂದು ಪುಟ್ಟ ವನುವಾಟು 1991ರಲ್ಲೇ ಪ್ರಸ್ತಾಪ ಇಟ್ಟಿತ್ತು. ನಷ್ಟಕ್ಕೊಂದು ನಿಧಿ ಎಂದು ತೀರ್ಮಾನವಾದದ್ದು 2022ರಲ್ಲಿ, ಈಜಿಪ್ಟಿನಲ್ಲಿ. ಮೂವತ್ತೊಂದು ವರ್ಷ! ಅಷ್ಟರಲ್ಲಿ ಅಲ್ಲಿನ ವಿದ್ಯಾರ್ಥಿಗಳ ಒಂದು ಗುಂಪು 2019ರಲ್ಲಿ ಶುರು ಮಾಡಿದ ಒತ್ತಾಯ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಯಿತು. 2025ರ ಜುಲೈ 23ರಂದು ನ್ಯಾಯಾಲಯ ಅಭಿಪ್ರಾಯ ಕೊಟ್ಟಿದೆ: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಕರ್ತವ್ಯ, ತಪ್ಪಿದರೆ ಪರಿಹಾರದವರೆಗೂ ಹೋಗಬಹುದು. ಅಂದರೆ ಪ್ಯಾರಿಸ್ಸಿನಲ್ಲಿ ಬಾಗಿಲಾಚೆ ಹಾಕಿದ ತಕ್ಕದ್ದು ಕಿಟಕಿಯಿಂದ ಒಳಬಂದಿದೆ. ಅದೇ ನ್ಯಾಯಾಲಯದ ವಿಚಾರಣೆಯಲ್ಲಿ ಭಾರತ, ಇರುವ ಒಪ್ಪಂದಗಳ ಆಚೆಗೆ ಹೊಸ ಹೊಣೆ ಹುಟ್ಟಿಸಬೇಡಿ ಎಂಬ ಧಾಟಿಯಲ್ಲಿ ವಾದ ಮಾಡಿತ್ತು. ಹಳೆಯ ಪಾಪದ ಲೆಕ್ಕ ಬೇಕು ಎನ್ನುವ ನಾವು, ನಾಳೆ ನಮ್ಮ ಲೆಕ್ಕವೂ ಬಂದೀತು ಎಂದು ಅಂಜುತ್ತಿದ್ದೇವೆ. ವರ್ಷದ ಲೆಕ್ಕದಲ್ಲಿ ಈಗ ಚೀನಾ ಮೊದಲು, ಅಮೆರಿಕ ಎರಡನೆಯದು, ನಾವು ಮೂರು.

2024ರಲ್ಲಿ ಬಾಕುವಿನಲ್ಲಿ ಹೊಸ ಮೊತ್ತದ ಚೌಕಾಶಿ ನಡೆಯಿತು. ಬಡ ದೇಶಗಳು ಕೇಳಿದ್ದು ವರ್ಷಕ್ಕೆ 1.3 ಟ್ರಿಲಿಯನ್ ಡಾಲರ್, ಸಿಕ್ಕಿದ್ದು 2035ರ ಹೊತ್ತಿಗೆ ವರ್ಷಕ್ಕೆ 300 ಬಿಲಿಯನ್. ನಡುರಾತ್ರಿ ದಾಟಿದ ಮೇಲೆ ಅಧ್ಯಕ್ಷರು ಸುತ್ತಿಗೆ ಕುಟ್ಟಿದರು. ಭಾರತದ ಪ್ರತಿನಿಧಿ ಚಾಂದನಿ ರೈನಾ ಆಮೇಲೆ ಎದ್ದು, ಇದು ಬರೀ ಕಣ್ಕಟ್ಟು, ನಾವು ಒಪ್ಪುವುದಿಲ್ಲ ಅಂದರು. ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ಆದರೆ ಸುತ್ತಿಗೆ ಬಿದ್ದಾಗಿತ್ತು. ತಾಳಿ ಕಟ್ಟಿದ ಮೇಲೆ ತಕರಾರು.

2025ರ ನವೆಂಬರಿನಲ್ಲಿ ಬ್ರೆಜಿಲ್ಲಿನ ಬೆಲೆಮ್. ಅಮೆರಿಕ ಅಧಿಕೃತ ನಿಯೋಗವನ್ನೇ ಕಳಿಸಲಿಲ್ಲ. ಎಂಬತ್ತಕ್ಕೂ ಹೆಚ್ಚು ದೇಶಗಳು ಎಣ್ಣೆ, ಕಲ್ಲಿದ್ದಲು ಬಿಡುವ ದಾರಿಯ ನಕ್ಷೆ ಬೇಕು ಎಂದವು, ಅಂತಿಮ ಕಾಗದದಲ್ಲಿ ಅವುಗಳ ಹೆಸರೂ ಬರಲಿಲ್ಲ. ಆದರೆ ನನ್ನ ಭೋಸರಿಯ ಗೆಳೆಯನಿಗೆ ಸಂಬಂಧಿಸಿದ ಒಂದು ಸಾಲು ಅದರಲ್ಲಿದೆ. ಹವಾಮಾನದ ಹೆಸರಿನಲ್ಲಿ ಒಬ್ಬರೇ ಹಾಕುವ ವ್ಯಾಪಾರದ ಕಟ್ಟಳೆಗಳ ಬಗ್ಗೆ ಭಾರತ ಮತ್ತು ಇತರರು ಗಟ್ಟಿಯಾಗಿ ತಕರಾರು ತೆಗೆದದ್ದರಿಂದ, ಮುಂದಿನ ವರ್ಷಗಳಲ್ಲಿ ಈ ಬಗ್ಗೆ ಸಂವಾದ ನಡೆಸುವುದು ಎಂದು ಒಪ್ಪಿದ್ದಾರೆ. ಸಂವಾದ! ನಾನು ಇದನ್ನು ಫೋನಿನಲ್ಲಿ ಅವನಿಗೆ ಓದಿ ಹೇಳಿದೆ. "ಜನವರಿ ಒಂದನೇ ತಾರೀಖಿನ ಒಳಗ ಮುಗೀತೈತೇನು ಆ ಸಂವಾದ?" ಅಂದ. ಇಲ್ಲ, 2028ರವರೆಗೂ ಇದೆ ಅಂದೆ.

ಅವನ ಪ್ರಶ್ನೆಗೆ ನನ್ನ ಹತ್ತಿರ ಎರಡು ಉತ್ತರಗಳಿವೆ, ಎರಡೂ ಒಂದಕ್ಕೊಂದು ಜಗಳವಾಡುತ್ತವೆ. ಮೊದಲನೆಯದು, ಹೌದು, ಇದು ಅನ್ಯಾಯ. ರಿಯೋದಲ್ಲಿ ಒಪ್ಪಿದ್ದು ಹೊಣೆ ಒಂದೇ ಸಮ ಅಲ್ಲ ಎಂದು. ಗಡಿಯ ಸುಂಕಕ್ಕೆ ಮಾತ್ರ ಟನ್ನಿಗೆ ಟನ್ ಸಮ. ಜರ್ಮನಿಯವನ ಹೊಗೆಗೂ ಗದಗಿನವನ ಹೊಗೆಗೂ ಒಂದೇ ಬೆಲೆ. ಮೇಲಾಗಿ ಹೀಗೆ ಬಂದ ಹಣ ಸೇರುವುದು ಯುರೋಪಿನ ಬೊಕ್ಕಸಕ್ಕೆ. ನಮ್ಮ ಕುಲುಮೆಯನ್ನು ಸುಧಾರಿಸಲು ಅದು ವಾಪಸ್ ಬರುತ್ತದೆ ಎಂಬ ಖಾತ್ರಿ ಕಾನೂನಿನಲ್ಲಿಲ್ಲ. ನಮ್ಮ ದೇಶದಲ್ಲೇ ಇಂಗಾಲಕ್ಕೆ ಬೆಲೆ ಕಟ್ಟಿದರೆ ಅಷ್ಟನ್ನು ಅಲ್ಲಿ ಕಳೆಯುತ್ತಾರೆ. ಹಾಗಾದರೂ ರೊಕ್ಕ ಮನೆಯಲ್ಲೇ ಉಳಿಯಲಿ ಎಂದು ನಾವೂ ಅದೇ ದಾರಿ ಹಿಡಿಯಬೇಕಾಗುತ್ತದೆ. ಯುರೋಪಿಗೆ ಬೇಕಾದ್ದೂ ಬಹುಶಃ ಅದೇ.

ಎರಡನೆಯ ಉತ್ತರ ಹೇಳಲು ಸ್ವಲ್ಪ ಸಂಕೋಚ. ನಮ್ಮ ದೇಶದಲ್ಲಿ ಒಂದು ಟನ್ ಉಕ್ಕಿಗೆ ಸುಮಾರು ಎರಡೂವರೆ ಟನ್ ಹೊಗೆ ಏಳುತ್ತದೆ. ಜಗತ್ತಿನ ಸರಾಸರಿ ಅದಕ್ಕಿಂತ ಕಡಿಮೆ. ಆ ಹೊಗೆ ಬಡವನ ಒಲೆಯದಲ್ಲ, ಇತ್ತೀಚೆಗೆ ಕಟ್ಟಿದ ಕುಲುಮೆಗಳದ್ದೂ ಅದರಲ್ಲಿದೆ. ಇನ್ನು ಅಮೆರಿಕದವನ 14 ಟನ್ನಿಗೆ ನಮ್ಮ 2 ಟನ್ ಎನ್ನುವಾಗ ಆ 2 ಎಲ್ಲಿಂದ ಬಂತು? ರೋಣ ತಾಲೂಕಿನಲ್ಲಿ ನನ್ನ ಅಕ್ಕನ ಮನೆಯಿದೆ. ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿ. ಗೃಹಜ್ಯೋತಿ ಬಂದ ಮೇಲೆ ಬಿಲ್ಲು ಸೊನ್ನೆ. ಜಿಲ್ಲೆಯ ತುಂಬ ಗಾಳಿಯಂತ್ರಗಳು ತಿರುಗುತ್ತವೆ. ಅವುಗಳ ಕರೆಂಟು ಎಲ್ಲಿಗೆ ಹೋಗುತ್ತದೋ ಅಕ್ಕನಿಗೆ ಗೊತ್ತಿಲ್ಲ. ನನ್ನ ಪುಣೆಯ ಫ್ಲ್ಯಾಟಿನಲ್ಲಿ ಎರಡು ಎಸಿ, ಕೆಳಗೆ ಒಂದು ಕಾರು, ಮಗ ದೆಹಲಿಯಲ್ಲಿ, ಹೀಗಾಗಿ ವರ್ಷಕ್ಕೆ ನಾಲ್ಕು ಸಲ ವಿಮಾನ. ನನ್ನ ಹೊಗೆಯನ್ನು ಅಕ್ಕನ ಹೊಗೆಯೊಂದಿಗೆ ಕೂಡಿಸಿ ಭಾಗಿಸಿದರೆ ನಾನು ಸಜ್ಜನನಾಗುತ್ತೇನೆ. ಬಾಕುವಿನಲ್ಲಿ, ಬೆಲೆಮ್‌ನಲ್ಲಿ ನಮ್ಮವರು ತಲಾ ಲೆಕ್ಕ ಹೇಳಿದಾಗ ನನಗೆ ಹೆಮ್ಮೆಯಾಗುತ್ತದೆ, ಮೇ ತಿಂಗಳ ಕರೆಂಟ್ ಬಿಲ್ ಬಂದಾಗ ಆ ಹೆಮ್ಮೆಗೆ ಸ್ವಲ್ಪ ನಾಚಿಕೆಯಾಗುತ್ತದೆ. ಗ್ರೀನ್‌ಪೀಸ್ ಸಂಸ್ಥೆಯವರು 2007ರಲ್ಲೇ ಇದನ್ನು ವರದಿ ಮಾಡಿ, ಭಾರತದ ಶ್ರೀಮಂತರು ಬಡವರ ಮರೆಯಲ್ಲಿ ಅಡಗಿದ್ದಾರೆ ಅಂದಿದ್ದರು. ಅಡಗಿದ್ದವರಲ್ಲಿ ನಾನೂ ಒಬ್ಬ ಎಂದು ಆಗ ಹೊಳೆದಿರಲಿಲ್ಲ. ಆಗ ಎಸಿ ಇರಲಿಲ್ಲ.

2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಸಾರಿತು. ಅಕ್ಕನ ಹೊಲದಲ್ಲಿ ಹೆಸರು ಬರಲಿಲ್ಲ. ಆ ವರ್ಷ ಎಲ್‌ನಿನೋ ಇತ್ತು, ಎಲ್ಲವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಇಂಥ ವರ್ಷಗಳ ನಷ್ಟವನ್ನು ಯಾರು ತುಂಬಬೇಕು ಎಂದು ಬೆಲೆಮ್‌ನಲ್ಲಿ ಕೂತು ವಾದಿಸುವವರ ಕಣ್ಣಿಗೆ ಅಕ್ಕ ಕಾಣುವುದು "ಭಾರತ" ಎಂಬ ಮೇಜಿನ ಫಲಕದ ಹಿಂದೆ. ಆ ಫಲಕದ ಹಿಂದೆ ಅವಳಿಗಿಂತ ಮುಂದೆ ನಾನು ಕೂತಿರುತ್ತೇನೆ.

ಇದನ್ನೆಲ್ಲ ಗೆಳೆಯನಿಗೆ ಹೇಳಲಿಲ್ಲ. ಹೋದ ಭಾನುವಾರ ಅವನ ಗಾಜಿನ ಕೋಣೆಯಲ್ಲಿ ಕೂತು ಇಬ್ಬರೂ ಫೈಲು ತುಂಬಿದೆವು. ಮೀಟರಿನ ಹಳೆಯ ಬಿಲ್ಲುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೋಡಿಸಿಟ್ಟಿದ್ದ. ಗ್ಯಾಸಿನ ಲೆಕ್ಕ ಅಕೌಂಟಂಟ್ ಹುಡುಗಿ ತೆಗೆದುಕೊಟ್ಟಳು. ಇವನ ಶೆಡ್ಡಿನ ಹೊಗೆ ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಬಂತು. ಅವನ ಮುಖ ಅರಳಿತು. ಆಮೇಲೆ ಸರಳಿನ ಹಾಳೆ ತೆರೆದೆವು. ನಿಜವಾದ ಹೊಗೆ ಇರುವುದು ಅಲ್ಲಿ, ಉಕ್ಕು ಕರಗಿದ ಕಡೆ. ಸರಳು ಕೊಡುವ ವ್ಯಾಪಾರಿಗೆ ಫೋನ್ ಮಾಡಿದ. ಆತ ಇನ್ನೊಬ್ಬ ವ್ಯಾಪಾರಿಯಿಂದ ಕೊಳ್ಳುವವನು, ಉಕ್ಕು ಯಾವ ಕುಲುಮೆಯದೆಂದು ಆತನಿಗೂ ತಿಳಿಯದು. "ತುಮ್ಹಾಲಾ ಬಿಲ್ ಪಾಹಿಜೆ ಕಾ ಧೂರ್ ಪಾಹಿಜೆ?" ಎಂದು ಮರಾಠಿಯಲ್ಲಿ ನಕ್ಕ. ನಿಮಗೆ ಬಿಲ್ಲು ಬೇಕೋ ಹೊಗೆ ಬೇಕೋ.

ಗೊತ್ತಿಲ್ಲದಿದ್ದರೆ ಯುರೋಪಿನವರೇ ನಿಗದಿ ಮಾಡಿದ ಅಂಕಿ ಹಾಕಿಕೊಳ್ಳುತ್ತಾರೆ, ಅದು ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಹೊರಗೆ ಥ್ರೆಡ್ ರೋಲಿಂಗ್ ಮಶೀನು ನಿಂತಿತ್ತು, ಭಾನುವಾರ.

"ಒಂದ್ ಟನ್ನಿಗೆ ಎಷ್ಟ್ ಬೀಳತೈತಿ ಹೇಳು. ಅಷ್ಟು ರೇಟ್ ಏರಿಸಿದ್ರ ಅಂವ ತಗೋತಾನೋ, ಇಲ್ಲಾ ಟರ್ಕಿಗೆ ಹೋಗ್ತಾನೋ?"

ಅದು ಆ ಫೈಲಿನ ಯಾವ ಹಾಳೆಯಲ್ಲೂ ಇರಲಿಲ್ಲ. ಆ ಕೋಷ್ಟಕವನ್ನು ಖಾಲಿ ಬಿಟ್ಟು ಫೈಲು ಕಳಿಸಿದ. ನನಗೆ ಚಹಾ ತರಿಸಿದ. ಸೋಮವಾರ ಬೆಳಿಗ್ಗೆ ಉಕ್ಕಿನ ಕಾರ್ಖಾನೆಯ ಹೆಸರು ಪತ್ತೆ ಹಚ್ಚಲು ಬೇರೆ ವ್ಯಾಪಾರಿಯ ಹತ್ತಿರ ಹೋಗುತ್ತೇನೆ ಅಂದ.